ಕೊಲೆಗಾರ ಸಿಗದ ಕೇಸು: ಮನೆಯವರು ಪೊಲೀಸರನ್ನು ಏನು ಕೇಳಬೇಕು, ಹೇಗೆ ಕೇಳಬೇಕು

ಮನೆಯವರೊಬ್ಬರ ಕೊಲೆಯಾಗಿ ವರ್ಷ ಕಳೆದರೂ ಕೊಂದವರು ಯಾರೆಂದು ಗೊತ್ತಾಗದ ಕುಟುಂಬಗಳ ಜೊತೆ ಕೂತು ಮಾತಾಡಿ ನೋಡಿ. ಠಾಣೆಯ ಬಗ್ಗೆ ಅವರು ಹೇಳುವ ಮಾತುಗಳು ಊರು ಯಾವುದಾದರೂ ಹೆಚ್ಚು ಬದಲಾಗುವುದಿಲ್ಲ. "ಹೋದಾಗೆಲ್ಲ ಸಾಹೇಬ್ರು ಬಂದೋಬಸ್ತ್‌ಗೆ ಹೋಗಿದ್ದಾರೆ ಅಂತಾರೆ." "ಐಒ (ತನಿಖಾಧಿಕಾರಿ) ಟ್ರಾನ್ಸ್‌ಫರ್ ಆಗಿ ಹೋಗಿದ್ದೇ ನಮಗೆ ಗೊತ್ತಿಲ್ಲ." "ಸಿಕ್ಕಿಲ್ಲ ಅಂದ್ರೆ ಸಿಕ್ಕಿಲ್ಲ ಅಂತಾದ್ರೂ ಹೇಳ್ಲಿ." ಕೊಲೆಗಾರ ಸಿಗದಿರುವುದನ್ನು ಎಷ್ಟೋ ಮನೆಗಳು ಹೇಗೋ ಸಹಿಸಿಕೊಳ್ಳುತ್ತವೆ. ತಮ್ಮವರ ಸಾವಿನ ಬಗ್ಗೆ ಯಾರೂ ತಮ್ಮ ಜೊತೆ ಮಾತೇ ಆಡುವುದಿಲ್ಲ ಎಂಬುದನ್ನು ಸಹಿಸುವುದು ಬಹಳ ಕಷ್ಟ.

ಹಗಲು ರಾತ್ರಿ ಹುಡುಕಿಯೂ ಸುಳಿವು ಸಿಗದ ಇನ್‌ಸ್ಪೆಕ್ಟರ್ ಇದ್ದಾರೆ. ಫೈಲನ್ನು ಕಪಾಟಿಗೆ ಹಾಕಿ ಮರೆತವರೂ ಇದ್ದಾರೆ. ಹೊರಗಿನಿಂದ ನೋಡುವ ಮನೆಯವರಿಗೆ ಇಬ್ಬರಿಂದಲೂ ಬರುವ ಉತ್ತರ ಒಂದೇ: "ತನಿಖೆ ನಡೀತಿದೆ." ಇಬ್ಬರಲ್ಲಿ ನಿಮ್ಮ ಕೇಸು ಯಾರ ಕೈಯಲ್ಲಿದೆ ಎಂದು ತಿಳಿಯುವುದು ಹೇಗೆ, ತಿಳಿದ ಮೇಲೆ ಮುಂದೇನು ಮಾಡಬೇಕು ಎಂಬುದನ್ನು ಕರ್ನಾಟಕದ ಠಾಣೆ-ಕೋರ್ಟುಗಳ ರೀತಿಗೆ ಹೊಂದಿಸಿ ಇಲ್ಲಿ ಬರೆದಿದ್ದೇನೆ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿರುವುದರಿಂದ ಅದರ ಕಲಂಗಳನ್ನೇ ಕೊಟ್ಟಿದ್ದೇನೆ. ಅದಕ್ಕೂ ಹಿಂದಿನ ಕೇಸಾದರೆ ನಿಮ್ಮ ಕಾಗದಗಳಲ್ಲಿ ಐಪಿಸಿ 302, ಸಿಆರ್‌ಪಿಸಿ 173, 174 ಎಂದಿರುತ್ತದೆ. ಹೊಸದರಲ್ಲಿ ಕೊಲೆಗೆ ಭಾರತೀಯ ನ್ಯಾಯ ಸಂಹಿತೆಯ ಕಲಂ 103. ತನಿಖೆಯ ಕ್ರಮವೆಲ್ಲ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅಂದರೆ ಬಿಎನ್‌ಎಸ್‌ಎಸ್‌ನಲ್ಲಿದೆ.

1. ಮೊದಲು ನೋಡಬೇಕಾದ್ದು: ಯುಡಿಆರ್ ಆಗಿದೆಯೋ, ಎಫ್‌ಐಆರ್ ಆಗಿದೆಯೋ?

ಬಾವಿಯಲ್ಲಿ, ರೈಲು ಹಳಿಯ ಪಕ್ಕದಲ್ಲಿ, ತೋಟದ ಮನೆಯಲ್ಲಿ ಹೆಣ ಸಿಕ್ಕಾಗ ಠಾಣೆಯಲ್ಲಿ ಸಾಮಾನ್ಯವಾಗಿ ಮೊದಲು ದಾಖಲಾಗುವುದು ಅಸಹಜ ಸಾವಿನ ವರದಿ, ಠಾಣೆಯ ಮಾತಿನಲ್ಲಿ ಯುಡಿಆರ್. ಇದರಲ್ಲಿ ಬಿಎನ್‌ಎಸ್‌ಎಸ್ ಕಲಂ 194ರ ಕೆಳಗೆ ಶವ ಪಂಚನಾಮೆ ಆಗುತ್ತದೆ, ಮರಣೋತ್ತರ ಪರೀಕ್ಷೆಯೂ ಆಗುತ್ತದೆ. ಆದರೆ ಆರೋಪಿಯನ್ನು ಹುಡುಕುವ ಕೆಲಸ ಶುರುವಾಗುವುದು ಕೊಲೆಯ ಎಫ್‌ಐಆರ್ ಆದ ಮೇಲೆ ಮಾತ್ರ. ತಿಂಗಳುಗಟ್ಟಲೆ "ಕೇಸ್ ಆಗಿದೆ" ಎಂದು ನಂಬಿ ಕೂತ ಮನೆಯವರ ಕೈಯಲ್ಲಿ ಇರುವುದು ಬರೀ ಯುಡಿಆರ್ ನಂಬರು ಎಂದು ತಡವಾಗಿ ತಿಳಿದ ಉದಾಹರಣೆಗಳು ಸಾಕಷ್ಟಿವೆ.

ಅನುಮಾನವಿದ್ದರೆ ಅದನ್ನು ಬರೆದು ಕೊಡಿ. ಮೈಮೇಲಿನ ಗಾಯ, ಕಾಣೆಯಾದ ಚಿನ್ನ, ಹಿಂದಿನ ಬೆದರಿಕೆ, ಕೊನೆಯ ಫೋನ್ ಕರೆ, ಇವನ್ನು ಕಂಡಂತೆ ಬರೆಯಿರಿ. ಕೊಲೆಯಂಥ ಅಪರಾಧದ ಮಾಹಿತಿ ಕೊಟ್ಟರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಎಫ್‌ಐಆರ್ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ಠಾಣೆಯ ಸರಹದ್ದು ಬೇರೆ ಎಂದು ವಾಪಸು ಕಳಿಸುವಂತಿಲ್ಲ. ಮದುವೆಯಾಗಿ ಏಳು ವರ್ಷದೊಳಗಿನ ಹೆಣ್ಣುಮಗಳ ಸಾವಾಗಿದ್ದರೆ ಶವ ಪಂಚನಾಮೆಗೆ ತಹಶೀಲ್ದಾರರಂಥ ದಂಡಾಧಿಕಾರಿ ಬರಬೇಕು. ಬಂದಿಲ್ಲವಾದರೆ ಅಲ್ಲೇ ಕೇಳಿ.

ಇನ್ನೊಂದು ಸಂಗತಿಯನ್ನು ಆ ಹೊತ್ತಿನಲ್ಲಿ ಯಾರೂ ಯೋಚಿಸುವುದಿಲ್ಲ. ಎಫ್‌ಐಆರ್‌ನಲ್ಲಿ ಪಿರ್ಯಾದುದಾರ, ಅಂದರೆ ದೂರುದಾರ, ಯಾರು? ಹೆಣ ನೋಡಿದ ಪಕ್ಕದ ಹೊಲದವನು, ಅಪಾರ್ಟ್‌ಮೆಂಟಿನ ವಾಚ್‌ಮನ್, ಕೆಲವೊಮ್ಮೆ ಠಾಣೆಯ ಎಎಸ್‌ಐ ಪಿರ್ಯಾದುದಾರ ಆಗಿರುತ್ತಾರೆ. ಮುಂದೆ ಕೋರ್ಟಿನಿಂದ ನೋಟಿಸು ಹೋಗುವುದು ಅವರ ಹೆಸರಿಗೆ, ನಿಮ್ಮ ಮನೆಗಲ್ಲ. ಸಾಧ್ಯವಿದ್ದರೆ ಮನೆಯವರೇ ದೂರು ಕೊಡಿ. ಆಗಲೇ ಬೇರೆಯವರ ಹೆಸರಿನಲ್ಲಿ ಆಗಿಹೋಗಿದ್ದರೆ, "ನಾನು ಮೃತರ ವಾರಸುದಾರ, ಬಿಎನ್‌ಎಸ್‌ಎಸ್ ಕಲಂ 2ರ ಪ್ರಕಾರ ಸಂತ್ರಸ್ತ, ಪ್ರಕರಣದ ಪ್ರತಿಯೊಂದು ಮಾಹಿತಿಯನ್ನೂ ನನಗೂ ತಿಳಿಸಬೇಕು" ಎಂದು ಠಾಣೆಗೆ ಪತ್ರ ಬರೆದು ಸ್ವೀಕೃತಿ ಪಡೆಯಿರಿ.

2. ಸಾಕ್ಷ್ಯ ಹಾಳಾಗುವ ಮೊದಲು

ಸಿಸಿಟಿವಿ ದೃಶ್ಯಗಳ ಮೇಲೆ ಕೆಲವೇ ವಾರಗಳಲ್ಲಿ ಹೊಸ ದೃಶ್ಯ ರೆಕಾರ್ಡ್ ಆಗಿಬಿಡುತ್ತದೆ. ಕೊಲೆಯಾದ ದಾರಿಯ ಅಂಗಡಿ, ಪೆಟ್ರೋಲ್ ಬಂಕ್, ಎಟಿಎಂ, ಟೋಲ್ ಇವುಗಳ ಪಟ್ಟಿ ಮಾಡಿ, ಈ ದೃಶ್ಯಗಳನ್ನು ಜಪ್ತಿ ಮಾಡಿ ಎಂದು ಮೊದಲ ವಾರದಲ್ಲೇ ತನಿಖಾಧಿಕಾರಿಗೆ ಬರೆದು ಕೊಡಿ. ಪೊಲೀಸರು ಹೋಗಲಿಲ್ಲವಾದರೆ ಮುಂದೆ ನಿಮ್ಮ ಪತ್ರದ ತಾರೀಕು ಮಾತಾಡುತ್ತದೆ. ಮೊಬೈಲ್ ಕಂಪನಿಗಳು ಕರೆ ದಾಖಲೆಗಳನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕೆಂದು 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಹಾಗಾಗಿ ಕರೆ ದಾಖಲೆಗೂ ಆಯುಷ್ಯವಿದೆ, ಕಾಯುತ್ತ ಕೂರಬೇಡಿ.

ತೀರಿಹೋದವರ ಫೋನ್ ನಿಮ್ಮ ಕೈಗೆ ಸಿಕ್ಕಿದ್ದರೆ ತೆರೆದು ಹುಡುಕಾಡಬೇಡಿ, ರೀಸೆಟ್ ಮಾಡಬೇಡಿ. ರಕ್ತ ತಾಗಿದ ಬಟ್ಟೆ ಒಗೆಯಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಅದು ಕೊಳೆಯುತ್ತದೆ, ಒಣಗಿಸಿ ಕಾಗದದ ಕವರಿನಲ್ಲಿಟ್ಟು ಪೊಲೀಸರಿಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ರಸೀದಿ ಕೇಳಿ. ಸಾವಿನ ಬಗ್ಗೆ ಅನುಮಾನ ಉಳಿದಿದ್ದು ಮನೆಯ ಪದ್ಧತಿಯೂ ಒಪ್ಪುವುದಾದರೆ ಸುಡುವ ಬದಲು ಹೂಳುವುದನ್ನು ಯೋಚಿಸಿ. ಮತ್ತೆ ಪರೀಕ್ಷೆ ಬೇಕಾದಾಗ ದಂಡಾಧಿಕಾರಿಯ ಅಪ್ಪಣೆಯಿಂದ ಶವ ಹೊರತೆಗೆಯಲು ಕಾನೂನಿನಲ್ಲಿ ಅವಕಾಶವಿದೆ.

3. ನಿಮ್ಮನ್ನೇ ಅನುಮಾನಿಸಿದಾಗ

ಹೆಂಡತಿಯನ್ನು ಕಳೆದುಕೊಂಡ ಗಂಡನನ್ನು, ತಂದೆಯನ್ನು ಕಳೆದುಕೊಂಡ ಮಗನನ್ನು ಪೊಲೀಸರು ಮೊದಲು ಕೂರಿಸಿ ಪ್ರಶ್ನಿಸುತ್ತಾರೆ. ಮನೆಗಳು ಪೊಲೀಸರ ಮೇಲೆ ನಂಬಿಕೆ ಕಳೆದುಕೊಳ್ಳುವುದು ಬಹುಪಾಲು ಇಲ್ಲೇ. ಹತ್ತಿರದವರನ್ನು ವಿಚಾರಿಸುವುದು ತನಿಖೆಯ ಸಹಜ ಭಾಗ, ಅದನ್ನು ಅವಮಾನವೆಂದು ತಿಳಿಯಬೇಡಿ, ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡಿ. ಆದರೆ ಮಿತಿಗಳಿವೆ. ಹೆಂಗಸರನ್ನು, 15 ವರ್ಷದೊಳಗಿನ ಮತ್ತು 60 ದಾಟಿದ ಗಂಡಸರನ್ನು, ಅಂಗವಿಕಲರನ್ನು ಸಾಕ್ಷಿಗಳಾಗಿ ವಿಚಾರಿಸುವುದಿದ್ದರೆ ಅವರಿರುವ ಮನೆಗೇ ಬರಬೇಕು ಎಂದು ಕಲಂ 179 ಹೇಳುತ್ತದೆ. ಸುಳ್ಳು ಪತ್ತೆ, ಮಂಪರು ಪರೀಕ್ಷೆಗೆ ನಿಮ್ಮ ಒಪ್ಪಿಗೆ ಇಲ್ಲದೆ ಒಯ್ಯುವಂತಿಲ್ಲ. ಹಾಗೆಂದು ಸುಪ್ರೀಂ ಕೋರ್ಟಿನ 2010ರ ತೀರ್ಪು ಬಂದಿದ್ದೇ ಕರ್ನಾಟಕದ ಸೆಲ್ವಿ ಪ್ರಕರಣದಲ್ಲಿ.

4. 90ನೇ ದಿನದ ಪತ್ರ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡಲು ನಿಮಗೆ ಶಕ್ತಿಯಿದ್ದರೆ ಇದನ್ನು ಮಾಡಿ.

ಬಿಎನ್‌ಎಸ್‌ಎಸ್ ಕಲಂ 193(3)ರ ಪ್ರಕಾರ ತನಿಖೆ ಎಲ್ಲಿಗೆ ಬಂತು ಎಂಬುದನ್ನು ಪೊಲೀಸರು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು. ಎಲೆಕ್ಟ್ರಾನಿಕ್ ಮಾಧ್ಯಮದಲ್ಲೂ ತಿಳಿಸಬಹುದು. ಹಿಂದೆ ಇದು ಸೌಜನ್ಯದ ಮಾತಾಗಿತ್ತು, ಈಗ ಕಾನೂನು. ಹಾಗೆಂದು ಯಾರಾದರೂ ತಾವಾಗಿ ಫೋನ್ ಮಾಡುತ್ತಾರೆಂದು ಕಾಯಬೇಡಿ.

ಪತ್ರ ಉದ್ದ ಬೇಕಿಲ್ಲ. ಹೀಗಿದ್ದರೆ ಸಾಕು: "ನಮ್ಮ ತಂದೆಯವರ ಕೊಲೆಗೆ ಸಂಬಂಧಿಸಿದಂತೆ ತಮ್ಮ ಠಾಣೆಯಲ್ಲಿ ಈ ಅಪರಾಧ ಸಂಖ್ಯೆಯಡಿ ಪ್ರಕರಣ ದಾಖಲಾಗಿ 90 ದಿನಗಳಾಗಿವೆ. ಬಿಎನ್‌ಎಸ್‌ಎಸ್ ಕಲಂ 193(3)ರಂತೆ ತನಿಖೆಯ ಪ್ರಗತಿಯನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಈಗಿನ ತನಿಖಾಧಿಕಾರಿಯ ಹೆಸರು ಮತ್ತು ಹುದ್ದೆಯನ್ನೂ ತಿಳಿಸಬೇಕು." ಕೆಳಗೆ ನಿಮ್ಮ ವಿಳಾಸ, ವಾಟ್ಸ್‌ಆಪ್ ನಂಬರು, ಸಹಿ.

ಎರಡು ಪ್ರತಿ ಒಯ್ಯಿರಿ. ಸಾಹೇಬರು ಇಲ್ಲದಿದ್ದರೆ ಸ್ಟೇಷನ್ ರೈಟರ್ ಮೇಜಿಗೆ ಹೋಗಿ. ಅವರು ಪತ್ರ ತೆಗೆದುಕೊಂಡು "ಸರಿ, ಸಾಹೇಬ್ರಿಗೆ ಕೊಡ್ತೀನಿ" ಎಂದು ಡ್ರಾಯರಿಗೆ ಹಾಕಲು ಹೋಗುತ್ತಾರೆ. ಅಲ್ಲಿಂದ ಏಳಬೇಡಿ. ಎರಡನೇ ಪ್ರತಿಯನ್ನು ಮುಂದಿಟ್ಟು, "ಇದಕ್ಕೊಂದು ಸೀಲು, ಸಹಿ, ತಾರೀಕು ಹಾಕಿಕೊಡಿ ಅಣ್ಣಾ" ಎಂದು ಮೆಲ್ಲಗೆ ಕೇಳಿ. ದನಿ ಏರಿಸಬೇಡಿ, ಸೀಲು ಬೀಳುವವರೆಗೆ ಎದ್ದೂ ಹೋಗಬೇಡಿ. ಖಡಾಖಂಡಿತ ಇಲ್ಲ ಎಂದರೆ ಹತ್ತಿರದ ಅಂಚೆ ಕಚೇರಿಯಿಂದ ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಸ್ಪೀಡ್ ಪೋಸ್ಟ್ ಮಾಡಿ, ಇನ್ನೊಂದು ಪ್ರತಿಯನ್ನು ಎಸ್‌ಪಿಗೆ ಕಳಿಸಿ. ಪಡೆದ ಸ್ವೀಕೃತಿಗಳನ್ನೆಲ್ಲ ತಾರೀಕಿನ ಪ್ರಕಾರ ಒಂದು ಫೈಲಿನಲ್ಲಿ ಜೋಡಿಸಿ. ಪ್ರತಿ ಭೇಟಿಯ ದಿನ, ಯಾರು ಸಿಕ್ಕರು, ಏನು ಹೇಳಿದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಐಒ ಬದಲಾದಾಗ ಹೊಸಬರ ಮುಂದೆ ಇಡೀ ಕಥೆಯನ್ನು ಮತ್ತೆ ಅಳುತ್ತ ಹೇಳುವ ಕಷ್ಟವನ್ನು ಈ ಫೈಲು ಅರ್ಧ ಕಡಿಮೆ ಮಾಡುತ್ತದೆ. ಮನೆಯ ಒಬ್ಬರೇ ಇದನ್ನು ನೋಡಿಕೊಳ್ಳಲಿ. ತೀರಾ ಹತ್ತಿರದವರೇ ಆಗಬೇಕಿಲ್ಲ, ತಾಯಿಗಿಂತ ಸೋದರಮಾವನ ಕೈಲಿ ಈ ಕೆಲಸ ಸಲೀಸಾಗಿ ನಡೆಯಬಹುದು.

5. ಬಂದ ಉತ್ತರವನ್ನು ಅಳೆಯುವುದು

"ಆರೋಪಿ ಯಾರು" ಎಂಬುದು ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ. ಅದಕ್ಕೆ ಉತ್ತರ ಅವರ ಬಳಿಯೂ ಇಲ್ಲದಿರಬಹುದು. ಏನು ಕೆಲಸ ಆಗಿದೆ ಎಂದು ಕೇಳಿ. ಮಹಜರು ಯಾವ ದಿನ ಆಯಿತು? ಸ್ಥಳಕ್ಕೆ ವಿಧಿವಿಜ್ಞಾನ ತಂಡ ಬಂದಿತ್ತೇ? ಒಳಾಂಗಗಳ ಮಾದರಿ, ಬಟ್ಟೆ, ಆಯುಧ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಅಂದರೆ ಎಫ್‌ಎಸ್‌ಎಲ್‌ಗೆ ಹೋಗಿದ್ದು ಯಾವ ತಾರೀಕಿಗೆ? ಬೆಂಗಳೂರಿನ ಮಡಿವಾಳಕ್ಕೋ, ಪ್ರಾದೇಶಿಕ ಪ್ರಯೋಗಾಲಯಕ್ಕೋ? ವರದಿ ಬಂದಿದೆಯೇ? ಟವರ್ ಮಾಹಿತಿ ತರಿಸಿದ್ದಾರೆಯೇ? ನಾನು ಪಟ್ಟಿ ಕೊಟ್ಟ ಅಂಗಡಿಗಳ ಸಿಸಿಟಿವಿ ಜಪ್ತಿ ಆಗಿದೆಯೇ? ನಾನು ಹೆಸರಿಸಿದ ಸಾಕ್ಷಿಯ ಹೇಳಿಕೆ ಪಡೆದಿದ್ದಾರೆಯೇ?

ಕೆಲಸ ಮಾಡುತ್ತಿರುವ ಅಧಿಕಾರಿಗೆ ಇಂಥ ಪ್ರಶ್ನೆಗಳಿಂದ ಕೋಪ ಬರುವುದಿಲ್ಲ. ಎಲ್ಲವನ್ನೂ ಹೇಳದಿದ್ದರೂ ತಾರೀಕುಗಳನ್ನು ಹೇಳುತ್ತಾರೆ, ಹೇಳಲಾಗದ್ದನ್ನು ಏಕೆ ಹೇಳಲಾಗದು ಎಂದಾದರೂ ತಿಳಿಸುತ್ತಾರೆ. ಶಂಕಿತನ ಹೆಸರನ್ನು ಮನೆಯವರಿಂದ ಮುಚ್ಚಿಡುವುದಕ್ಕೆ ನ್ಯಾಯವಾದ ಕಾರಣ ಇರಬಹುದು, ಸುದ್ದಿ ಹೊರಬಿದ್ದರೆ ಅವನು ಪರಾರಿಯಾಗುತ್ತಾನೆ. ಪ್ರಯೋಗಾಲಯಕ್ಕೆ ಯಾವ ದಿನ ಕಳಿಸಿದೆವು ಎಂಬುದನ್ನು ಮುಚ್ಚಿಡಲು ಕಾರಣವೇ ಇಲ್ಲ. ಅದಕ್ಕೂ "ನಿಮಗ್ಯಾಕೆ ಅದೆಲ್ಲ" ಎಂಬ ಉತ್ತರ ಬಂದರೆ ಕಳಿಸಿಲ್ಲದಿರುವ ಸಾಧ್ಯತೆ ಹೆಚ್ಚು.

ಆಗ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳ ಒಳಗಿರಬೇಕು. ತನಿಖೆಗೆ ಅಡ್ಡಿಯಾಗುತ್ತದೆ ಎಂದು ಕಲಂ 8(1)(ಎಚ್) ತೋರಿಸಿ ನಿರಾಕರಿಸಬಹುದು. ತನಿಖೆ ನಡೆಯುತ್ತಿದೆ ಎಂದಷ್ಟೇ ಹೇಳಿದರೆ ಸಾಲದು, ಹೇಗೆ ಅಡ್ಡಿಯಾಗುತ್ತದೆ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟು 2007ರಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಮೇಲ್ಮನವಿಯಲ್ಲಿ ಈ ತೀರ್ಪನ್ನು ಬರೆಯಿರಿ. ಇದುವರೆಗೆ ಎಷ್ಟು ಜನ ತನಿಖಾಧಿಕಾರಿಗಳು ಬದಲಾದರು, ಯಾವ ದಿನದಿಂದ ಯಾವ ದಿನದವರೆಗೆ ಎಂದು ಕೇಳಿ. ಆ ಒಂದು ಪಟ್ಟಿ ಹೈಕೋರ್ಟಿನಲ್ಲಿ ಬಹಳ ಕೆಲಸಕ್ಕೆ ಬರುತ್ತದೆ.

6. ಮೇಲಿನ ಮೆಟ್ಟಿಲು

ಠಾಣೆಯಿಂದ ಡಿವೈಎಸ್‌ಪಿ, ಅಲ್ಲಿಂದ ಎಸ್‌ಪಿ, ನಗರವಾದರೆ ಎಸಿಪಿ, ಡಿಸಿಪಿ, ಕಮಿಷನರ್. ಪ್ರತಿ ಮೆಟ್ಟಿಲಲ್ಲೂ ಹಿಂದಿನ ಪತ್ರದ ಸ್ವೀಕೃತಿ ಲಗತ್ತಿಸಿ. ಮೆಟ್ಟಿಲು ಹಾರಿ ನೇರ ಗೃಹ ಸಚಿವರಿಗೆ ಮನವಿ ಕೊಟ್ಟರೆ ಅದು ತಿರುಗಿ ತಿರುಗಿ ಅದೇ ಠಾಣೆಗೆ ಬರುತ್ತದೆ.

ಎಫ್‌ಐಆರ್ ಆಗದಿದ್ದರೆ, ಅಥವಾ ಆಗಿಯೂ ತನಿಖೆ ಅಲುಗಾಡದಿದ್ದರೆ, ದಾರಿ ಜೆಎಂಎಫ್‌ಸಿ (ಮ್ಯಾಜಿಸ್ಟ್ರೇಟ್) ನ್ಯಾಯಾಲಯದ್ದು. ಕಲಂ 175(3)ರ ಅರ್ಜಿಗೆ ಪ್ರಮಾಣಪತ್ರ ಬೇಕು, ಎಸ್‌ಪಿಗೆ ಮೊದಲೇ ಬರೆದದ್ದಕ್ಕೆ ಪುರಾವೆಯೂ ಬೇಕು. ತನಿಖೆ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಇದೆ ಎಂದು ಸಾಕಿರಿ ವಾಸು ಪ್ರಕರಣದಲ್ಲಿ 2007ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ವಕೀಲರ ಫೀಸಿಗೆ ಹಣವಿಲ್ಲವೆಂದು ಹಿಂಜರಿಯಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರವಿದೆ, ಸಹಾಯವಾಣಿ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ.

ಕೊಲೆಯಾದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ಕೊಂದವರು ಬೇರೆ ಸಮುದಾಯದವರೆಂಬ ಅನುಮಾನವಿದ್ದರೆ ದೌರ್ಜನ್ಯ ತಡೆ ಕಾಯ್ದೆಯ ಕಲಂ ಸೇರಿಸಲು ಕೇಳಿ. ಆಗ ತನಿಖೆ ಡಿವೈಎಸ್‌ಪಿ ದರ್ಜೆಯವರಿಂದಲೇ ಆಗಬೇಕು. ಅದರ ಕಲಂ 15ಎ ಸಂತ್ರಸ್ತರ ಮತ್ತು ಸಾಕ್ಷಿಗಳ ರಕ್ಷಣೆಯನ್ನು ಸರ್ಕಾರದ ಹೊಣೆ ಮಾಡುತ್ತದೆ. 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟು ಕೊಂದ ಪ್ರಕರಣದಲ್ಲಿ ಸಾಕ್ಷಿಗಳು ತಿರುಗಿಬಿದ್ದು ಆರೋಪಿಗಳೆಲ್ಲ ಬಿಡುಗಡೆಯಾದರು. ಏಳು ಜನ ಸತ್ತರು, ಕಾನೂನಿನ ಲೆಕ್ಕದಲ್ಲಿ ಕೊಂದವರು ಯಾರೂ ಇಲ್ಲ. ಸಾಕ್ಷಿಗೆ ಬೆದರಿಕೆ ಬಂದ ದಿನವೇ ಬರೆದು ಕೊಡಿ, ಬಿಎನ್‌ಎಸ್‌ಎಸ್ ಕಲಂ 183ರ ಕೆಳಗೆ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಡಿಸಲು ಕೇಳಿ.

7. 'ಸಿ' ರಿಪೋರ್ಟ್ ಬಂದಾಗ

ನಮ್ಮ ರಾಜ್ಯದಲ್ಲಿ ಆರೋಪಪಟ್ಟಿ ಸಲ್ಲಿಸದೆ ಕೇಸು ಮುಗಿಸುವಾಗ ಎರಡು ಅಕ್ಷರಗಳು ಕಿವಿಗೆ ಬೀಳುತ್ತವೆ. 'ಬಿ' ಎಂದರೆ ದೂರಿನಲ್ಲಿ ಹುರುಳಿಲ್ಲ ಎಂದರ್ಥ. 'ಸಿ' ಎಂದರೆ ಅಪರಾಧ ನಡೆದದ್ದು ನಿಜ, ಆರೋಪಿ ಪತ್ತೆಯಾಗಿಲ್ಲ. 'ಸಿ' ರಿಪೋರ್ಟ್ ಎಂದು ಕೇಳಿದ ಕೂಡಲೇ ಎಲ್ಲ ಮುಗಿಯಿತೆಂದು ಮನೆಗಳಲ್ಲಿ ಎರಡನೇ ಸಲ ಸಾವಿನ ದುಃಖ ಕವಿಯುತ್ತದೆ. ಕಾನೂನಿನಲ್ಲಿ ಅದು ಮುಗಿದಿಲ್ಲ. ಕೊಲೆಗೆ ಕಾಲಮಿತಿ ಇಲ್ಲ. ಹೊಸ ಸುಳಿವು ಸಿಕ್ಕರೆ ಕಲಂ 193(9)ರ ಕೆಳಗೆ ಮುಂದಿನ ತನಿಖೆ ಮಾಡಬಹುದು.

ವರದಿ ಒಪ್ಪಿಕೊಳ್ಳುವ ಮೊದಲು ದೂರುದಾರರಿಗೆ ನೋಟಿಸು ಕೊಟ್ಟು ಅವರ ಮಾತು ಕೇಳಲೇಬೇಕು ಎಂದು 1985ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆ ತೀರ್ಪಿಗೆ ಕಾರಣನಾದವನು ಭಗವಂತ್ ಸಿಂಗ್, ದೆಹಲಿಯಲ್ಲಿ ಸುಟ್ಟಗಾಯಗಳಿಂದ ಸತ್ತ ಮಗಳ ಸಾವಿನ ತನಿಖೆ ಸರಿಯಿಲ್ಲವೆಂದು ಪಟ್ಟು ಹಿಡಿದ ತಂದೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ದೂರುದಾರರಲ್ಲದ ಸಂಬಂಧಿಕರಿಗೆ ನೋಟಿಸು ಕಡ್ಡಾಯವಿಲ್ಲ, ಆದರೆ ವರದಿಯ ವಿಚಾರಣೆಯ ದಿನ ತಾವಾಗಿ ಹಾಜರಾಗಿ ಮಾತಾಡುವ ಹಕ್ಕಿದೆ. ಮೊದಲ ಹೆಜ್ಜೆಯಲ್ಲಿ ಪಿರ್ಯಾದುದಾರ ಯಾರೆಂದು ನೋಡಿ ಎಂದು ಒತ್ತಿ ಹೇಳಿದ್ದು ಇದಕ್ಕೇ. ಪಿರ್ಯಾದುದಾರ ನೀವಲ್ಲದಿದ್ದರೆ ಆಗಾಗ ಕೋರ್ಟಿನ ಕಚೇರಿಯಲ್ಲಿ, ಅಪರಾಧ ಸಂಖ್ಯೆ ಕೊಟ್ಟು, ಅಂತಿಮ ವರದಿ ಬಂದಿದೆಯೇ ಎಂದು ವಿಚಾರಿಸುತ್ತಿರಿ.

ತಕರಾರು ಅರ್ಜಿ ಹಾಕುವಾಗ ವರದಿಯ ದೃಢೀಕೃತ ಪ್ರತಿ ತೆಗೆದುಕೊಂಡು ಕೂತು ಓದಿ. ಪೊಲೀಸರು ಲಂಚ ತಿಂದರು, ಪ್ರಭಾವಿಗಳ ಮಾತು ಕೇಳಿದರು ಎಂದು ಪುಟಗಟ್ಟಲೆ ಬರೆಯುವ ಆಸೆ ಸಹಜ. ನ್ಯಾಯಾಧೀಶರ ಕೈ ಹಿಡಿಯುವುದು ಸಣ್ಣ ಸಂಗತಿಗಳು. "ದಿನಾಂಕ ಇಂಥದ್ದರಂದು ನಾನು ಕೊಟ್ಟ ಪತ್ರದಲ್ಲಿದ್ದ ನಾಲ್ಕು ಸಿಸಿಟಿವಿಗಳ ಬಗ್ಗೆ ವರದಿಯಲ್ಲಿ ಒಂದಕ್ಷರವೂ ಇಲ್ಲ. ಮೃತರ ಫೋನಿಗೆ ಕೊನೆಯದಾಗಿ ಕರೆ ಮಾಡಿದ ನಂಬರಿನವರನ್ನು ವಿಚಾರಿಸಿಲ್ಲ. ಎಫ್‌ಎಸ್‌ಎಲ್ ವರದಿ ಬರುವ ಮೊದಲೇ ಅಂತಿಮ ವರದಿ ಹಾಕಲಾಗಿದೆ." ಇಂಥ ಮೂರು ಸಾಲುಗಳಿದ್ದರೆ ಮುಂದಿನ ತನಿಖೆಗೆ ಆದೇಶ ಬರುವ ಸಾಧ್ಯತೆ ಗಟ್ಟಿ.

8. ಎಸ್‌ಐಟಿ, ಸಿಐಡಿ, ಸಿಬಿಐ

"ಸಿಬಿಐಗೆ ಕೊಡಿ" ಎಂಬ ಕೂಗು ಎಲ್ಲ ಕಡೆ ಮೊದಲು ಏಳುತ್ತದೆ. ಅಪರೂಪದ ಪ್ರಕರಣಗಳಲ್ಲಿ ಮಾತ್ರ ಹೈಕೋರ್ಟು ಹಾಗೆ ಆದೇಶಿಸಬೇಕು ಎಂದು 2010ರಲ್ಲೇ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ನನ್ನ ಅಭಿಪ್ರಾಯದಲ್ಲಿ ತನಿಖಾ ಸಂಸ್ಥೆಯ ಹೆಸರಿಗಿಂತ ಕೋರ್ಟಿನ ಉಸ್ತುವಾರಿ ಮುಖ್ಯ. ಧಾರವಾಡದ ತಮ್ಮ ಮನೆಯಲ್ಲೇ 2015ರ ಆಗಸ್ಟ್ 30ರ ಬೆಳಿಗ್ಗೆ ಎಂ.ಎಂ. ಕಲಬುರ್ಗಿಯವರ ಹತ್ಯೆಯಾಯಿತು. ಸಿಐಡಿ ಕೈಯಲ್ಲಿ ಕೇಸು ವರ್ಷಗಟ್ಟಲೆ ನಿಂತಿತು. ಪತ್ನಿ ಉಮಾದೇವಿ ಸುಪ್ರೀಂ ಕೋರ್ಟಿಗೆ ಹೋದರು. 2019ರ ಫೆಬ್ರವರಿ 26ರಂದು ಕೋರ್ಟು ಪ್ರಕರಣವನ್ನು, ಗೌರಿ ಲಂಕೇಶ್ ಹತ್ಯೆಯ ತನಿಖೆ ಮಾಡುತ್ತಿದ್ದ ಎಸ್‌ಐಟಿಗೆ (ವಿಶೇಷ ತನಿಖಾ ತಂಡಕ್ಕೆ) ಒಪ್ಪಿಸಿ, ಧಾರವಾಡ ಹೈಕೋರ್ಟ್ ಪೀಠದ ಉಸ್ತುವಾರಿಗೆ ಇಟ್ಟಿತು. ಎರಡೂ ಕೊಲೆಗಳಲ್ಲಿ ಬಳಸಿದ್ದು ಒಂದೇ 7.65 ಎಂಎಂ ಪಿಸ್ತೂಲು ಎಂದು ವಿಧಿವಿಜ್ಞಾನ ವರದಿ ಹೇಳಿತ್ತು. ಆರೇ ತಿಂಗಳಲ್ಲಿ, ಅದೇ ಆಗಸ್ಟ್‌ನಲ್ಲಿ, ಆರೋಪಪಟ್ಟಿ ಸಲ್ಲಿಕೆಯಾಯಿತು. ಗುಂಡು, ಖೋಕಾಗಳನ್ನು (ಗುಂಡಿನ ಖಾಲಿ ಕವಚಗಳನ್ನು) ಮೊದಲ ದಿನವೇ ಸರಿಯಾಗಿ ಜಪ್ತಿ ಮಾಡಿ ಇಟ್ಟಿದ್ದರಿಂದಲೇ ಆ ಹೋಲಿಕೆ ಸಾಧ್ಯವಾಯಿತು ಎಂಬುದನ್ನೂ ಮರೆಯಬಾರದು. ನಿಮ್ಮ ಊರಿನಲ್ಲಿ ಅದೇ ರೀತಿಯ ಇನ್ನೊಂದು ಕೊಲೆ ಆಗಿದ್ದರೆ ಎರಡನ್ನೂ ಹೋಲಿಸಿ ನೋಡಿ ಎಂದು ಬರೆದು ಕೊಡಿ.

ಆರೋಪಪಟ್ಟಿ ಬಂದ ಮೇಲೂ ಮನೆಯವರ ಕೆಲಸವಿದೆ. ಗೌರಿ ಪ್ರಕರಣದಲ್ಲಿ ಒಬ್ಬ ಆರೋಪಿಯ ಮೇಲಿನ ಸಂಘಟಿತ ಅಪರಾಧ ಕಾಯ್ದೆಯ ಆರೋಪವನ್ನು ಹೈಕೋರ್ಟು ರದ್ದು ಮಾಡಿದಾಗ ತಂಗಿ ಕವಿತಾ ಲಂಕೇಶ್ ಮೇಲ್ಮನವಿ ಹಾಕಿದರು, 2021ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಮರುಸ್ಥಾಪಿಸಿತು. ಜಾಮೀನು ಸೇರಿದಂತೆ ಪ್ರತಿ ಹಂತದಲ್ಲೂ ಸಂತ್ರಸ್ತರ ಮಾತು ಕೇಳಬೇಕೆಂದು 2022ರಲ್ಲಿ ಲಖಿಂಪುರ ಖೇರಿ ಪ್ರಕರಣದಲ್ಲೂ ಕೋರ್ಟು ಸ್ಪಷ್ಟಪಡಿಸಿದೆ.

9. ಟಿವಿ, ವಾಟ್ಸ್‌ಆಪ್, ಪ್ರತಿಭಟನೆ

ಸುದ್ದಿಯಾದರೆ ಫೈಲು ಓಡುತ್ತದೆ, ನಿಜ. ಆದರೆ ನಿಮಗೆ ಅನುಮಾನವಿರುವವನ ಫೋಟೋ ಹಂಚಬೇಡಿ. ಮುಂದೆ ಗುರುತು ಪತ್ತೆ ಪರೇಡ್ ನಡೆದಾಗ "ಸಾಕ್ಷಿ ಇವನ ಫೋಟೋ ಮೊದಲೇ ಮೊಬೈಲಿನಲ್ಲಿ ನೋಡಿದ್ದ" ಎಂದು ಎದುರು ವಕೀಲರು ಹೇಳಿದರೆ ಅಷ್ಟೂ ಸಾಕ್ಷ್ಯ ಸಡಿಲವಾಗುತ್ತದೆ. ಮಾನನಷ್ಟ ಕೇಸೂ ಬೀಳಬಹುದು. ಲೈಂಗಿಕ ದೌರ್ಜನ್ಯವೂ ನಡೆದಿದ್ದರೆ ದೌರ್ಜನ್ಯಕ್ಕೆ ಒಳಗಾದವರ ಹೆಸರು ಹಾಕುವುದೇ ಅಪರಾಧ. ಕೇಳಬೇಕಾದದ್ದನ್ನು ತಾರೀಕುಗಳ ಸಮೇತ ಒಂದು ಹಾಳೆಯಲ್ಲಿ ಬರೆದು ಪತ್ರಕರ್ತರಿಗೆ ಕೊಡಿ.

10. ಆರೋಪಿ ಖುಲಾಸೆಯಾದರೆ, ಆರೋಪಿಯೇ ಸಿಗದಿದ್ದರೆ

ಬೆಳ್ತಂಗಡಿ ತಾಲ್ಲೂಕಿನ ಕಾಲೇಜು ವಿದ್ಯಾರ್ಥಿನಿಯ 2012ರ ಕೊಲೆ ಪ್ರಕರಣ ಸ್ಥಳೀಯ ಪೊಲೀಸ್, ಸಿಐಡಿ, ಸಿಬಿಐ ಮೂರೂ ಕೈ ದಾಟಿತು. 2023ರ ಜೂನ್‌ನಲ್ಲಿ ಏಕೈಕ ಆರೋಪಿ ಬಿಡುಗಡೆಯಾದ. ಹಾಗಾದರೆ ಕೊಂದವರು ಯಾರು ಎಂದು ಆ ಮನೆಯವರು ಇಂದಿಗೂ ಕೇಳುತ್ತಿದ್ದಾರೆ. ಇಂಥ ತೀರ್ಪು ಬಂದಾಗ ಸರ್ಕಾರಕ್ಕಾಗಿ ಕಾಯದೆ ಕಲಂ 413ರ ಕೆಳಗೆ ಸಂತ್ರಸ್ತರೇ ಮೇಲ್ಮನವಿ ಹಾಕಬಹುದು. ಹೊಸದಾಗಿ ಮರುತನಿಖೆ ಬೇಕೆಂದರೆ ಅದು ಹೈಕೋರ್ಟು ಅಥವಾ ಸುಪ್ರೀಂ ಕೋರ್ಟಿನಿಂದಲೇ ಆಗಬೇಕು.

ಕೊನೆಯದಾಗಿ ಪರಿಹಾರದ ವಿಷಯ. ಆರೋಪಿ ಸಿಕ್ಕಿ ಶಿಕ್ಷೆಯಾದರೆ ಮಾತ್ರ ಹಣ ಬರುತ್ತದೆಂಬ ನಂಬಿಕೆ ತಪ್ಪು. ಆರೋಪಿ ಪತ್ತೆಯೇ ಆಗದೆ, ವಿಚಾರಣೆಯೇ ನಡೆಯದಿದ್ದರೂ ಮೃತರ ಅವಲಂಬಿತರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು ಎಂದು ಕಲಂ 396(4) ಹೇಳುತ್ತದೆ. ಈ ಅರ್ಜಿಯ ವಿಚಾರಣೆಯನ್ನು ಪ್ರಾಧಿಕಾರ ಎರಡು ತಿಂಗಳಲ್ಲಿ ಮುಗಿಸಬೇಕು. ಎಫ್‌ಐಆರ್ ಪ್ರತಿ, ಮರಣೋತ್ತರ ವರದಿ, ಮರಣ ಪ್ರಮಾಣಪತ್ರ, ವಂಶವೃಕ್ಷ, ಬ್ಯಾಂಕ್ ಪಾಸ್‌ಬುಕ್, 'ಸಿ' ರಿಪೋರ್ಟ್ ಬಂದಿದ್ದರೆ ಅದರ ಪ್ರತಿ ಜೊತೆಗಿಡಿ. ಇದನ್ನು ತೆಗೆದುಕೊಂಡರೆ ಕೇಸು ಬಿಟ್ಟುಕೊಟ್ಟಂತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ತನಿಖೆಗೂ ಈ ಅರ್ಜಿಗೂ ಸಂಬಂಧವಿಲ್ಲ.